ಓಬಿಡಿ ಅಡಾಪ್ಟರ್: ಕೇಬಲ್ಲಿನದು ಮತ್ತು ವೈರ್‌ಲೆಸ್

ಕಾರು, ಜೀಪು, ಸಣ್ಣ ಸರಕು ಗಾಡಿಗಳ ಎಂಜಿನ್ ಕಂಪ್ಯೂಟರಿನಲ್ಲಿ ದಾಖಲಾದ ದೋಷಗಳನ್ನೂ ಸೆನ್ಸರ್‌ಗಳು ಕ್ಷಣಕ್ಷಣಕ್ಕೆ ಕೊಡುವ ಅಳತೆಗಳನ್ನೂ ಹೊರಗೆ ತೆಗೆದು ಮೊಬೈಲಿಗೋ ಲ್ಯಾಪ್‌ಟಾಪಿಗೋ ತಲುಪಿಸುವ ಚಿಕ್ಕ ಸಾಧನವೇ ಓಬಿಡಿ ಅಡಾಪ್ಟರ್. ಸ್ಟಿಯರಿಂಗಿನ ಕೆಳಗೆ, ಚಾಲಕನ ಮೊಣಕಾಲಿನ ಹತ್ತಿರ ಇರುವ 16 ಪಿನ್ನಿನ ಸಾಕೆಟ್ಟಿಗೆ ಇದನ್ನು ಸಿಕ್ಕಿಸುತ್ತಾರೆ. ಆ ತುದಿ ಎಲ್ಲ ಅಡಾಪ್ಟರುಗಳಲ್ಲೂ ಒಂದೇ. ಇನ್ನೊಂದು ತುದಿಯಲ್ಲಿ ಎರಡು ದಾರಿಗಳಿವೆ: ಯುಎಸ್‌ಬಿ ಕೇಬಲ್, ಇಲ್ಲವೇ ಬ್ಲೂಟೂತ್, ವೈ-ಫೈ ತರಹದ ರೇಡಿಯೊ ಸಂಪರ್ಕ.

ಹೂವಿನಹಡಗಲಿ, ಹಗರಿಬೊಮ್ಮನಹಳ್ಳಿ, ಕೊಟ್ಟೂರು, ಕೂಡ್ಲಿಗಿ, ಹರಪನಹಳ್ಳಿ ಕಡೆಯ ಮಾತಿನಲ್ಲಿ ಇವೆಲ್ಲಕ್ಕೂ ಸ್ಕ್ಯಾನರ್ ಎಂದೇ ಹೆಸರು. ಮೀಟರಿನಲ್ಲಿ ಎಂಜಿನ್ ಚಿತ್ರದ ಹಳದಿ ದೀಪ ಹೊತ್ತಿದರೆ ‘ಚೆಕ್ ಲೈಟ್ ಬಂದೈತಿ, ಸ್ಕ್ಯಾನರ್ ಹಚ್ಚಿ ನೋಡ್ರಿ’ ಎನ್ನುತ್ತಾರೆ. ಕಾರು ಕಂಪನಿಗಳ ದೊಡ್ಡ ವರ್ಕ್‌ಶಾಪುಗಳು ಹೆಚ್ಚಾಗಿ ಹೊಸಪೇಟೆ, ಬಳ್ಳಾರಿ, ದಾವಣಗೆರೆ, ಹುಬ್ಬಳ್ಳಿಯಲ್ಲಿವೆ. ತುಂಗಭದ್ರೆಯ ದಂಡೆಯ ಮಾಗಳದಲ್ಲಿ ಕಾರಿನ ದೀಪ ಹೊತ್ತಿದರೆ, ಅದು ಅಷ್ಟು ದೂರ ಹೋಗಬೇಕಾದ ತೊಂದರೆಯೋ, ಪೆಟ್ರೋಲ್ ಟ್ಯಾಂಕಿನ ಮುಚ್ಚಳ ಸರಿಯಾಗಿ ಕೂಡದ್ದರಿಂದಲೋ ಎಂದು ಮನೆಯ ಮುಂದೆಯೇ ತಿಳಿದರೆ ಒಂದು ದಿನದ ದುಡಿಮೆ ಉಳಿದೀತು. ಬೆಂಗಳೂರಿನಲ್ಲಿ ಹವ್ಯಾಸಿಗಳ ಆಟಿಕೆ ಎನಿಸುವ ಈ ವಸ್ತು ಇಲ್ಲಿ ಹೆಚ್ಚು ಕೆಲಸಕ್ಕೆ ಬರುವುದು ಈ ಕಾರಣಕ್ಕೆ.

ಅಡಾಪ್ಟರ್ ಕೊಳ್ಳುವವರು ಸಾಮಾನ್ಯವಾಗಿ ಕೇಳುವುದು ಯಾವುದು ವೇಗ, ಯಾವುದು ಅಗ್ಗ ಎಂದು. ಅದಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆ ಬೇರೆ: ಎಂಜಿನ್ ಕಂಪ್ಯೂಟರಿನಿಂದ ಓದುವುದಷ್ಟೇ ಕೆಲಸವೋ, ಅದರೊಳಗೆ ಬರೆಯುವುದೂ ಇದೆಯೋ? ಕೇಬಲ್ ಬೇಕೇ ಬೇಡವೇ ಎಂಬುದು ಮುಕ್ಕಾಲು ಪಾಲು ಇಲ್ಲೇ ತೀರ್ಮಾನವಾಗುತ್ತದೆ.

ಸಾಕೆಟ್ ಬಂದ ದಾರಿ

ಹೊಗೆ ಹೆಚ್ಚಾದರೆ ಗಾಡಿಯೇ ಚಾಲಕನಿಗೆ ಹೇಳಬೇಕು ಎಂಬ ನಿಯಮ, ಅಂದರೆ ಓಬಿಡಿ, ಮೊದಲು ಬಂದದ್ದು ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ, 1988ರ ಮಾದರಿಯ ಕಾರುಗಳಿಗೆ. ಆಗ ಒಂದೊಂದು ಕಂಪನಿಯ ಸಾಕೆಟ್ಟೂ ಬೇರೆ, ಕೋಡೂ ಬೇರೆ. 1996ರಿಂದ ಅಮೆರಿಕದಲ್ಲಿ ಮಾರಾಟವಾಗುವ ಎಲ್ಲ ಕಾರುಗಳಿಗೂ ಓಬಿಡಿ-2 ಕಡ್ಡಾಯವಾಯಿತು. ಈಗಿನ 16 ಪಿನ್ನಿನ ಸಾಕೆಟ್ ಮತ್ತು ಎಲ್ಲರಿಗೂ ಸಮಾನವಾದ ಕೋಡುಗಳ ಪಟ್ಟಿ ಅದರೊಂದಿಗೇ ಬಂದವು. ಯುರೋಪಿನಲ್ಲಿ ಪೆಟ್ರೋಲ್ ಕಾರುಗಳಿಗೆ 2001ರಿಂದ ಇಂಥದೇ ನಿಯಮ ಜಾರಿಯಾಗಿ, ಡೀಸೆಲ್ ಕಾರುಗಳಿಗೆ ಆಮೇಲೆ ವಿಸ್ತರಿಸಿತು.

ಭಾರತದಲ್ಲಿ 2010ರ ಏಪ್ರಿಲ್ 1ರಂದು ಬೆಂಗಳೂರೂ ಸೇರಿ 13 ನಗರಗಳಲ್ಲಿ ಬಿಎಸ್-4 ಎಂಬ ಹೊಗೆ ನಿಯಮ ಜಾರಿಯಾದಾಗ ಓಬಿಡಿಯ ಮೊದಲ ಹಂತ ಬಂತು, 2013ರ ಏಪ್ರಿಲ್‌ನಲ್ಲಿ ಎರಡನೆಯ ಹಂತ. ಬಿಎಸ್-4 ದೇಶಕ್ಕೆಲ್ಲ ಕಡ್ಡಾಯವಾದದ್ದು ಮಾತ್ರ 2017ರ ಏಪ್ರಿಲ್ 1ರಂದು. ಹಳೆಯ ಗಾಡಿ ಕೊಳ್ಳುವವರು ಈ ಏಳು ವರ್ಷಗಳ ಅಂತರವನ್ನು ನೆನಪಿಡಬೇಕು. ಒಂದೇ ಕಂಪನಿಯ ಒಂದೇ ಹೆಸರಿನ ಕಾರು 2012ರಲ್ಲಿ ಬೆಂಗಳೂರಿನಲ್ಲಿ ಬಿಎಸ್-4 ಆಗಿ, ಹೊಸಪೇಟೆಯ ಕೆಎ-35 ನೋಂದಣಿಯಲ್ಲಿ ಬಿಎಸ್-3 ಆಗಿ ರಸ್ತೆಗೆ ಇಳಿದಿರುವ ಸಾಧ್ಯತೆ ಇದೆ. ಎರಡರಲ್ಲೂ 16 ಪಿನ್ನಿನ ಸಾಕೆಟ್ ಕಾಣಬಹುದು. ಆದರೆ ಬಿಎಸ್-3 ಗಾಡಿ ಕಂಪನಿಯ ಸ್ವಂತ ಸ್ಕ್ಯಾನರಿಗೆ ಮಾತ್ರ ಉತ್ತರ ಕೊಟ್ಟು, ಸಾಮಾನ್ಯ ಅಡಾಪ್ಟರಿನ ಮುಂದೆ ಮೂಕವಾಗಿಬಿಡಬಹುದು. ಅಡಾಪ್ಟರ್ ಕೆಟ್ಟಿದೆ ಎಂದು ವಾಪಸು ಕಳಿಸುವ ಮುನ್ನ ಆರ್‌ಸಿಯಲ್ಲಿ ಗಾಡಿ ಯಾವ ಹಂತದ್ದೆಂದು ನೋಡುವುದು ಒಳ್ಳೆಯದು. 2020ರ ಏಪ್ರಿಲ್ 1ರಿಂದ ಬಿಎಸ್-6, 2023ರ ಏಪ್ರಿಲ್‌ನಿಂದ ಅದರ ಎರಡನೆಯ ಹಂತ ಬಂದ ಮೇಲೆ ಹೊಸ ಕಾರುಗಳ ವಿಷಯದಲ್ಲಿ ಈ ಗೊಂದಲ ಉಳಿದಿಲ್ಲ.

ಸಾಕೆಟ್ಟಿನ ಪಿನ್ನುಗಳಲ್ಲಿ ಆರನ್ನು ತಿಳಿದಿದ್ದರೆ ಸಾಕು. 16ನೆಯದರಲ್ಲಿ ಬ್ಯಾಟರಿಯ ಕರೆಂಟ್ ಸದಾ ಇರುತ್ತದೆ, ಕೀಲಿ ತೆಗೆದರೂ ಹೋಗುವುದಿಲ್ಲ. 4 ಮತ್ತು 5 ಅರ್ತ್. 6 ಮತ್ತು 14ರಲ್ಲಿ ಕ್ಯಾನ್ ಎಂಬ ಜಾಲದ ಎರಡು ತಂತಿಗಳು. 7ರಲ್ಲಿ ಹಳೆಯ ಗಾಡಿಗಳು ಬಳಸುತ್ತಿದ್ದ ಕೆ-ಲೈನ್. ಕೆ-ಲೈನಿನ ವೇಗ ಸೆಕೆಂಡಿಗೆ ಸುಮಾರು 10,400 ಬಿಟ್. ಕಾರುಗಳ ಕ್ಯಾನ್ ಜಾಲದಲ್ಲಿ ಅದು ಸಾಮಾನ್ಯವಾಗಿ 5 ಲಕ್ಷ ಬಿಟ್. ಕೆ-ಲೈನಿನ ಕಾರಿಗೆ ಎಷ್ಟೇ ದುಬಾರಿ ಅಡಾಪ್ಟರ್ ಹಚ್ಚಿದರೂ ಅಂಕಿಗಳು ತಡವರಿಸುತ್ತಲೇ ಬರುತ್ತವೆ. ಅಲ್ಲಿ ಕೇಬಲ್ ಕೊಂಡರೆ ವೇಗ ಹೆಚ್ಚುತ್ತದೆ ಎಂಬ ಅಂಗಡಿಯವನ ಮಾತಿಗೆ ಆಧಾರವಿಲ್ಲ, ಏಕೆಂದರೆ ಇಕ್ಕಟ್ಟು ಇರುವುದು ಗಾಡಿಯ ಒಳಗೆ.

ಕ್ಯಾನ್ ಜಾಲವನ್ನು ರೂಪಿಸಿದ್ದು ಜರ್ಮನಿಯ ಬಾಷ್ ಕಂಪನಿ. 1986ರಲ್ಲಿ ಡೆಟ್ರಾಯಿಟ್‌ನ ಎಂಜಿನಿಯರುಗಳ ಸಮ್ಮೇಳನದಲ್ಲಿ ಅದನ್ನು ಲೋಕದ ಮುಂದಿಟ್ಟಿತು. ಕನ್ನಡನಾಡಿನ ಮೇಸ್ತ್ರಿಗಳಿಗೆ ಈ ಕಂಪನಿ ಹೊಸದಲ್ಲ. 1951ರಲ್ಲಿ ಶುರುವಾದ, ಬೆಂಗಳೂರಿನ ಆಡುಗೋಡಿಯ ಮೈಕೋ ಅದರದೇ ಸಂಸ್ಥೆ, 2008ರಲ್ಲಿ ಹೆಸರು ಬಾಷ್ ಎಂದು ಬದಲಾಯಿತು. ಮೈಕೋ ಪಂಪನ್ನು ಬಿಚ್ಚಿ, ಕಿವಿಯಿಂದ ಎಂಜಿನ್ನಿನ ಸದ್ದು ಕೇಳಿ, ಸ್ಪ್ಯಾನರ್ ತಿರುಗಿಸಿ ಡೀಸೆಲ್ ಹೊಂದಿಸುತ್ತಿದ್ದ ತಲೆಮಾರು ಹೊಸಪೇಟೆ, ಕೂಡ್ಲಿಗಿ ರಸ್ತೆಯ ಗ್ಯಾರೇಜುಗಳಲ್ಲಿ ಇನ್ನೂ ಇದೆ. ಕಾಮನ್ ರೇಲ್ ಡೀಸೆಲ್ ಬಂದ ಮೇಲೆ ಆ ಹೊಂದಾಣಿಕೆಯೆಲ್ಲ ಕಂಪ್ಯೂಟರಿನ ಪಾಲಾಯಿತು. ಕಿವಿಯ ಕೆಲಸ ಮುಗಿದಿಲ್ಲ, ಆದರೆ ಅದರ ಜೊತೆಗೆ ಒಂದು ಪರದೆಯೂ ಬೇಕಾಗಿದೆ.

ಅಡಾಪ್ಟರಿನ ಒಳಗೆ

ಮೊಬೈಲಿಗೆ ಕ್ಯಾನ್ ಗೊತ್ತಿಲ್ಲ, ಎಂಜಿನ್ ಕಂಪ್ಯೂಟರಿಗೆ ಬ್ಲೂಟೂತ್ ಗೊತ್ತಿಲ್ಲ. ಅಡಾಪ್ಟರಿನಲ್ಲಿರುವ ಚಿಪ್ ಇಬ್ಬರ ನಡುವಿನ ದುಭಾಷಿ. ಇಂಥ ಚಿಪ್ಪುಗಳಲ್ಲಿ ಹೆಸರಾದದ್ದು ಕೆನಡಾದ ಎಲ್ಮ್ ಎಲೆಕ್ಟ್ರಾನಿಕ್ಸ್ 2005ರಲ್ಲಿ ಹೊರತಂದ ಇಎಲ್‌ಎಂ327. ಹಳೆಯ ಟೆಲಿಫೋನ್ ಮೋಡೆಮ್‌ಗಳ ಎಟಿ ಆಜ್ಞೆಗಳ ಮಾದರಿಯಲ್ಲೇ ಇದರ ಆಜ್ಞೆಗಳೂ ಇವೆ. ಮೊದಲ ಆವೃತ್ತಿಯ ಚಿಪ್ಪಿನೊಳಗಿನ ಪ್ರೋಗ್ರಾಮಿಗೆ ನಕಲು ತಡೆಯುವ ಬೀಗ ಇರಲಿಲ್ಲ. ನಕಲಿಗಾರರಿಗೆ ಅಷ್ಟೇ ಸಾಕಾಯಿತು, ಚೀನಾದಿಂದ ನಕಲುಗಳ ಹೊಳೆಯೇ ಹರಿಯಿತು. ಎಲ್ಮ್ ಕಂಪನಿ 2022ರಲ್ಲಿ ಬಾಗಿಲು ಹಾಕಿದರೂ ಅದರ ಹೆಸರಿನ ಅಡಾಪ್ಟರುಗಳ ಮಾರಾಟ ನಿಂತಿಲ್ಲ.

ಆನ್‌ಲೈನಿನಲ್ಲಿ ಕೆಲವು ನೂರು ರೂಪಾಯಿಗೆ ಸಿಗುವ ನೀಲಿ ಅಥವಾ ಕಪ್ಪು ಬಣ್ಣದ ಪುಟ್ಟ ಅಡಾಪ್ಟರುಗಳಲ್ಲಿ ಬಹುಪಾಲು ಈ ನಕಲುಗಳೇ. ಅವುಗಳ ಮೇಲೆ ‘ಆವೃತ್ತಿ 1.5’ ಎಂದು ಬರೆದಿರುವುದನ್ನು ಕಾಣಬಹುದು. ಎಲ್ಮ್ ಕಂಪನಿ 1.5 ಎಂಬ ಆವೃತ್ತಿಯನ್ನು ಹೊರಡಿಸಿಯೇ ಇರಲಿಲ್ಲ. ‘2.1’ ಎಂದು ಬರೆದುಕೊಂಡ ಅಗ್ಗದ ನಕಲುಗಳಲ್ಲಿ ಅನೇಕ ಆಜ್ಞೆಗಳೇ ಇಲ್ಲ, ಆದ್ದರಿಂದ ಸಂಖ್ಯೆ ದೊಡ್ಡದೆಂದು ಅಡಾಪ್ಟರ್ ಹೊಸದು ಎಂದುಕೊಳ್ಳುವಂತಿಲ್ಲ. ಒಂದೆರಡು ಆಜ್ಞೆ ತಪ್ಪಿದರೂ ಎಂಜಿನ್ ಕೋಡ್ ಓದಲು ಅಡ್ಡಿಯಾಗದು. ಏರ್‌ಬ್ಯಾಗ್, ಎಬಿಎಸ್ ತರಹದ ಬೇರೆ ಕಂಪ್ಯೂಟರುಗಳನ್ನು ಮಾತಾಡಿಸಲು ಹೋದಾಗ ಮಾತ್ರ ಈ ನಕಲುಗಳು ಬಾಯಿ ಬಿಡುವುದಿಲ್ಲ.

ಕೇಬಲ್ಲಿನ ಅಡಾಪ್ಟರ್ ಎಂದಮಾತ್ರಕ್ಕೆ ಅದು ಅಸಲಿ ಎಂದಾಗುವುದಿಲ್ಲ. ಯುಎಸ್‌ಬಿ ಅಡಾಪ್ಟರಿನೊಳಗೆ ದುಭಾಷಿ ಚಿಪ್ಪಿನ ಜೊತೆ ಯುಎಸ್‌ಬಿಗೆ ಹೊಂದಿಸುವ ಇನ್ನೊಂದು ಚಿಪ್ ಇರುತ್ತದೆ. ಇದರಲ್ಲೂ ನಕಲು ಬೇಕಾದಷ್ಟು. 2014ರ ಅಕ್ಟೋಬರಿನಲ್ಲಿ, ಇಂಥ ಚಿಪ್ ಮಾಡುವ ಎಫ್‌ಟಿಡಿಐ ಕಂಪನಿಯ ಹೊಸ ಡ್ರೈವರ್ ವಿಂಡೋಸ್ ಅಪ್‌ಡೇಟ್ ಮೂಲಕ ಬಂದಾಗ ನಕಲಿ ಎಫ್‌ಟಿಡಿಐ ಚಿಪ್ಪುಗಳಿದ್ದ ಸಾಧನಗಳು ಜಗತ್ತಿನಾದ್ಯಂತ ಏಕಾಏಕಿ ಕೆಲಸ ನಿಲ್ಲಿಸಿದವು. ನಿನ್ನೆಯವರೆಗೆ ನಡೆಯುತ್ತಿದ್ದ ಕೇಬಲ್ ಇಂದು ಲ್ಯಾಪ್‌ಟಾಪಿಗೆ ಕಾಣಿಸದೆ ಹೋಗುವ ದೂರುಗಳ ಹಿಂದೆ ಇಂಥ ಡ್ರೈವರ್ ಜಗಳವೇ ಹೆಚ್ಚಾಗಿ ಇರುತ್ತದೆ. ಬ್ಲೂಟೂತ್ ಬಳಸುವವರಿಗೆ ಈ ತಲೆನೋವಿಲ್ಲ, ಅವರ ತಲೆನೋವೇ ಬೇರೆ.

ತಂತಿ ಇಲ್ಲದ ದಾರಿಗಳು

ಬ್ಲೂಟೂತ್ ಅಡಾಪ್ಟರಿನಲ್ಲಿ ಎರಡು ಜಾತಿ. ಹಳೆಯ ಬ್ಲೂಟೂತಿನದನ್ನು ಆಂಡ್ರಾಯ್ಡ್ ಮೊಬೈಲಿನ ಸೆಟ್ಟಿಂಗ್ಸಿಗೆ ಹೋಗಿ 1234 ಅಥವಾ 0000 ಒತ್ತಿ ಜೋಡಿಸಿಕೊಳ್ಳಬೇಕು. ಇದರ ಸಾಮಾನ್ಯ ಮಾದರಿಗಳು ಐಫೋನಿಗೆ ಆಗಿಬರುವುದಿಲ್ಲ. ಐಫೋನ್ ಇದ್ದವರು ಕಡಿಮೆ ವಿದ್ಯುತ್ತಿನ ಹೊಸ ಬ್ಲೂಟೂತ್, ಅಂದರೆ ಬಿಎಲ್‌ಇ ಇರುವ ಅಡಾಪ್ಟರನ್ನೋ ವೈ-ಫೈನದನ್ನೋ ಕೊಳ್ಳಬೇಕು. ಬಿಎಲ್‌ಇ ಅಡಾಪ್ಟರನ್ನು ಸೆಟ್ಟಿಂಗ್ಸಿನಲ್ಲಿ ಹುಡುಕಿ ಸುಸ್ತಾಗುವವರಿದ್ದಾರೆ. ಅದು ಆ್ಯಪಿನ ಒಳಗಿಂದಲೇ ಜೋಡಣೆಯಾಗುವಂಥದು.

ವೈ-ಫೈ ಅಡಾಪ್ಟರ್ ತಾನೇ ಒಂದು ಜಾಲವನ್ನು ಎಬ್ಬಿಸುತ್ತದೆ. ಮೊಬೈಲ್ ಅದಕ್ಕೆ ಸೇರಿ, ಸಾಮಾನ್ಯವಾಗಿ 192.168.0.10 ಎಂಬ ವಿಳಾಸದಲ್ಲಿ 35000ನೆಯ ಪೋರ್ಟಿನ ಮೂಲಕ ಮಾತಾಡುತ್ತದೆ. ಆ ಜಾಲದಲ್ಲಿ ಇಂಟರ್ನೆಟ್ ಇರುವುದಿಲ್ಲವಾದ್ದರಿಂದ ಕೆಲವು ಫೋನುಗಳು ತಮ್ಮಷ್ಟಕ್ಕೇ ಅದನ್ನು ಬಿಟ್ಟು ಮೊಬೈಲ್ ಡೇಟಾಕ್ಕೆ ಜಿಗಿಯುತ್ತವೆ, ಪರದೆಯ ಮೇಲಿನ ಅಂಕಿಗಳು ನಿಂತುಹೋಗುತ್ತವೆ. ಕೋಡಿನ ಅರ್ಥವನ್ನು ಇಂಟರ್ನೆಟ್ಟಿನಲ್ಲಿ ನೋಡಬೇಕಾದರೆ ಅಡಾಪ್ಟರಿನ ಸಂಪರ್ಕ ಕಡಿದು ಮತ್ತೆ ಸೇರಬೇಕು. ಆಂಡ್ರಾಯ್ಡ್ ಇದ್ದವರಿಗೆ ವೈ-ಫೈ ಅಡಾಪ್ಟರಿನಿಂದ ಸಿಗುವ ವಿಶೇಷ ಲಾಭ ಏನೂ ಇಲ್ಲ. ಐಫೋನಿನವರಿಗೂ ಬಿಎಲ್‌ಇ ಬಂದ ಮೇಲೆ ಇದರ ಅಗತ್ಯ ಕಡಿಮೆಯಾಗಿದೆ.

ಮೂರನೆಯದು ಸಿಮ್ ಇರುವ ಬಗೆ. 2023ರ ಕೊನೆಯಲ್ಲಿ ಬಂದ ಜಿಯೋಮೋಟಿವ್ ಇದಕ್ಕೆ ಪರಿಚಿತ ಉದಾಹರಣೆ. ಗಾಡಿ ಎಲ್ಲಿದೆ, ಹೇಗೆ ಓಡುತ್ತಿದೆ ಎಂಬುದನ್ನು ಮಾಲೀಕ ಮನೆಯಲ್ಲಿ ಕೂತೇ ನೋಡಬಹುದು. ಬಾಡಿಗೆಗೆ ಬಿಟ್ಟ ಕಾರಿನ ಒಡೆಯರಿಗೆ ಇದು ಇಷ್ಟವಾಗುವುದು ಸಹಜ. ಗ್ಯಾರೇಜಿನ ರಿಪೇರಿ ಕೆಲಸಕ್ಕೆ ಇದು ಸಾಧನವಲ್ಲ.

ವೈರ್‌ಲೆಸ್ ಅಡಾಪ್ಟರಿನ ನಿಜವಾದ ಬಲ ಓಡುವ ಗಾಡಿಯಲ್ಲಿ ಕಾಣುತ್ತದೆ. ಭರತ ಹುಣ್ಣಿಮೆಯ ಹೊತ್ತಿಗೆ ಮೈಲಾರದ ಕಾರಣಿಕಕ್ಕೆ ಹೋಗುವ ಗಾಡಿಗಳ ಸಾಲಿನಲ್ಲಿ, ಕೊಟ್ಟೂರೇಶ್ವರನ ತೇರಿನ ದಟ್ಟಣೆಯಲ್ಲಿ ಗಂಟೆಗಟ್ಟಲೆ ಮೊದಲ ಗೇರಿನಲ್ಲೇ ತೆವಳುವಾಗ ರೇಡಿಯೇಟರಿನ ನೀರು ಎಷ್ಟು ಕಾದಿದೆ ಎಂಬುದು ಮುಖ್ಯ. ಈಗಿನ ಎಷ್ಟೋ ಕಾರುಗಳಲ್ಲಿ ಟೆಂಪರೇಚರ್ ಮುಳ್ಳೇ ಇಲ್ಲ. ಮಿತಿ ಮೀರಿದ ಮೇಲೆ ಕೆಂಪು ದೀಪ ಬರುತ್ತದೆ ಅಷ್ಟೇ. ಅಡಾಪ್ಟರ್ ಇದ್ದರೆ ಪಕ್ಕದಲ್ಲಿ ಕೂತವರು ಮೊಬೈಲಿನಲ್ಲಿ 92, 96, 101 ಎಂದು ಏರುವುದನ್ನು ಕಂಡು ಮೊದಲೇ ಬದಿಗೆ ನಿಲ್ಲಿಸಲು ಹೇಳಬಹುದು. ಇಂಥಲ್ಲಿ ಕೇಬಲ್ ಎಳೆದುಕೊಂಡು ಕೂರುವುದು ಅಪಾಯ. ಸಾಕೆಟ್ ಇರುವುದೇ ಕ್ಲಚ್, ಬ್ರೇಕಿನ ಮೇಲ್ಭಾಗದಲ್ಲಿ, ಜೋತುಬಿದ್ದ ತಂತಿ ಕಾಲಿಗೆ ಸಿಕ್ಕಬಾರದ ಜಾಗ ಅದು.

ಎಂಜಿನ್ ಅಲುಗಾಟ, ಪಿಕಪ್ ಇಲ್ಲದಿರುವುದು, ಏರಿನಲ್ಲಿ ಉಸಿರು ಕಟ್ಟುವುದು ಮೊದಲಾದ ದೂರುಗಳನ್ನು ನಿಂತ ಗಾಡಿಯಲ್ಲಿ ಎಷ್ಟೋ ಸಲ ಕಂಡುಹಿಡಿಯಲಾಗದು. ಓಡಿಸಿ, ದಾಖಲಿಸಿ, ಆಮೇಲೆ ನೋಡಬೇಕು. ಅದಕ್ಕೆ ಬ್ಲೂಟೂತ್ ಅಡಾಪ್ಟರ್, ಆಂಡ್ರಾಯ್ಡಿನ ಒಂದು ಆ್ಯಪ್ ಇದ್ದರೆ ಸಾಕು. ಒಂದೇ ಎಚ್ಚರ: ಒಮ್ಮೆಗೆ ಇಪ್ಪತ್ತು ಅಳತೆಗಳನ್ನು ಆರಿಸಿಕೊಂಡರೆ ಅಗ್ಗದ ಅಡಾಪ್ಟರ್ ಒಂದೊಂದನ್ನೂ ಸರದಿಯಲ್ಲಿ ಕೇಳುತ್ತ ಹಿಂದೆ ಬೀಳುತ್ತದೆ. ಮೂರೋ ನಾಲ್ಕೋ ಆರಿಸಿದರೆ ಅದೇ ಅಡಾಪ್ಟರ್ ಚುರುಕಾಗುತ್ತದೆ.

ಓದುವುದು, ಬರೆಯುವುದು

ಓಬಿಡಿಯ ಸಾಮಾನ್ಯ ಸೇವೆಗಳಲ್ಲಿ ಹೆಚ್ಚಿನವು ಓದುವಂಥವೇ. ದೋಷದ ಕೋಡ್, ಇನ್ನೂ ಖಚಿತವಾಗದ ಕೋಡ್, ದೋಷ ಬಂದ ಗಳಿಗೆಯಲ್ಲಿ ವೇಗ ಎಷ್ಟಿತ್ತು, ಎಂಜಿನ್ ಎಷ್ಟು ಸುತ್ತುತ್ತಿತ್ತು, ನೀರು ಎಷ್ಟು ಕಾದಿತ್ತು ಎಂಬ ದಾಖಲೆ, ಗಾಡಿಯ ಚಾಸಿ ನಂಬರ್ ಇವೆಲ್ಲ ಅದರಲ್ಲಿ ಸೇರುತ್ತವೆ. ಓದುವ ನಡುವೆ ಸಂಪರ್ಕ ತಪ್ಪಿದರೆ ನಷ್ಟವೇನಿಲ್ಲ, ಮತ್ತೊಮ್ಮೆ ಕೇಳಿದರಾಯಿತು. ಅಗ್ಗದ ಬ್ಲೂಟೂತ್ ನಕಲೂ ಈ ಕೆಲಸಕ್ಕೆ ಸಾಕು ಎನ್ನಲು ಇದೇ ಕಾರಣ.

ಕೋಡಿನ ಬಗ್ಗೆ ಒಂದು ಮಾತು. ಪಿ0171 ಎಂದು ಬಂದರೆ ಎಂಜಿನ್ನಿಗೆ ಗಾಳಿ ಹೆಚ್ಚಾಗಿ ಪೆಟ್ರೋಲ್ ಕಡಿಮೆಯಾಗಿದೆ ಎಂದರ್ಥ. ಬಿರುಕು ಬಿಟ್ಟ ರಬ್ಬರ್ ಪೈಪು, ಕಟ್ಟಿಕೊಂಡ ಫ್ಯೂಯಲ್ ಫಿಲ್ಟರ್, ಧೂಳು ಹಿಡಿದ ಗಾಳಿಯ ಸೆನ್ಸರ್, ಇವುಗಳಲ್ಲಿ ಯಾವುದರಿಂದಲೂ ಅದು ಬರಬಹುದು. ಕೋಡ್ ನೋಡಿದ ಕೂಡಲೇ ಆಕ್ಸಿಜನ್ ಸೆನ್ಸರ್ ಬದಲಿಸಿ ಬಿಲ್ ಮಾಡುವ ಗ್ಯಾರೇಜಿಗಿಂತ, ಪೈಪಿಗೆ ಕೈ ಹಾಕಿ ನೋಡುವ ಮೇಸ್ತ್ರಿ ಮೇಲು.

ಕೋಡ್ ಅಳಿಸುವುದು ಓದುವುದಕ್ಕೂ ಬರೆಯುವುದಕ್ಕೂ ನಡುವಿನ ಕೆಲಸ. ಯಾವ ಅಡಾಪ್ಟರಿನಿಂದಲೂ ಆಗುತ್ತದೆ. ಆದರೆ ಅಳಿಸಿದಾಗ ದೀಪದ ಜೊತೆಗೆ ದೋಷದ ಗಳಿಗೆಯ ದಾಖಲೆಯೂ, ಗಾಡಿ ತನ್ನನ್ನು ತಾನೇ ಪರೀಕ್ಷಿಸಿಕೊಂಡ ಫಲಿತಾಂಶಗಳೂ ಅಳಿಸಿಹೋಗುತ್ತವೆ. ದೀಪ ಆರಿಸಿಕೊಂಡು ಹೊಸಪೇಟೆಯ ಶೋರೂಮಿಗೆ ಹೋದವರ ಗಾಡಿಯಲ್ಲಿ ಅಲ್ಲಿನವರಿಗೆ ಏನೂ ಸಿಗುವುದಿಲ್ಲ. ಅಳಿಸುವ ಮುನ್ನ ಪರದೆಯ ಫೋಟೋ ತೆಗೆದಿಡುವುದು ಪುಕ್ಕಟೆ ವಿಮೆ.

ಇನ್ನು ನಿಜವಾದ ಬರವಣಿಗೆ. ಕಾಮನ್ ರೇಲ್ ಡೀಸೆಲ್ಲಿನಲ್ಲಿ ಇಂಜೆಕ್ಟರ್ ಬದಲಿಸಿದರೆ ಎಷ್ಟೋ ಎಂಜಿನ್ನುಗಳಲ್ಲಿ ಅದರ ಮೇಲೆ ಕೊರೆದಿರುವ ಕೋಡನ್ನು ಕಂಪ್ಯೂಟರಿಗೆ ಕೊಡಬೇಕು. ಹೊಸ ಕೀಲಿಯನ್ನು ಗಾಡಿಗೆ ಪರಿಚಯಿಸಬೇಕು. ಬಿಎಸ್-6 ಡೀಸೆಲ್ ಗಾಡಿಯ ಹೊಗೆಯ ಮಸಿ ಹಿಡಿಯುವ ಡಿಪಿಎಫ್ ಕಟ್ಟಿಕೊಂಡರೆ ಅದನ್ನು ಸುಟ್ಟು ಶುಚಿ ಮಾಡುವ ಆಜ್ಞೆ ಕೊಡಬೇಕು. ಈ ಕೊನೆಯದು ಹಳ್ಳಿಯ ಓಡಾಟಕ್ಕೆ ಅಂಟಿದ ಸಮಸ್ಯೆ. ಹೊಲಕ್ಕೆ, ಸಂತೆಗೆ, ಶಾಲೆಗೆಂದು ನಾಲ್ಕೈದು ಕಿಲೋಮೀಟರು ಓಡಿ ನಿಲ್ಲುವ ಗಾಡಿಯಲ್ಲಿ ಡಿಪಿಎಫ್ ತಾನಾಗಿ ಶುಚಿಯಾಗುವಷ್ಟು ಕಾಯುವುದೇ ಇಲ್ಲ. ಹೆದ್ದಾರಿಯಲ್ಲಿ ಕೂಡ್ಲಿಗಿಯಿಂದ ಚಿತ್ರದುರ್ಗದ ಕಡೆಗೆ ಒಂದೇ ವೇಗದಲ್ಲಿ ಓಡಿಸಿದರೆ ಎಷ್ಟೋ ಸಲ ಅದು ತಾನೇ ಸರಿಹೋಗುತ್ತದೆ. ಹೋಗದಿದ್ದರೆ ಸ್ಕ್ಯಾನರಿನಿಂದ ಆಜ್ಞೆ ಕೊಡಬೇಕು, ಆಗ ಸೈಲೆನ್ಸರ್ ಕೆಂಡವಾಗುತ್ತದೆ. ಒಣಹುಲ್ಲಿನ ಮೇಲೆ ಗಾಡಿ ನಿಲ್ಲಿಸಿ ಈ ಕೆಲಸ ಮಾಡಬಾರದು. ಈ ಎಲ್ಲ ಕೆಲಸಗಳಿಗೆ ವೃತ್ತಿಪರ ಮಟ್ಟದ ಬ್ಲೂಟೂತ್ ಸಾಧನ ನಡೆದೀತು, ಕೆಲವು ನೂರು ರೂಪಾಯಿಯ ನಕಲು ನಡೆಯದು.

ಎಂಜಿನ್ ಕಂಪ್ಯೂಟರಿನ ಪ್ರೋಗ್ರಾಮನ್ನೇ ಬದಲಿಸುವ ಕೆಲಸಕ್ಕೆ ಮಾತ್ರ ಕೇಬಲ್ ಬೇಕೇ ಬೇಕು. ಹಳೆಯದನ್ನು ಅಳಿಸಿ ಹೊಸದನ್ನು ತುಂಬುವ ಮಧ್ಯದಲ್ಲಿ ಸಂಪರ್ಕ ಕಡಿದರೆ ಕಂಪ್ಯೂಟರಿನಲ್ಲಿ ಹಳೆಯದೂ ಇಲ್ಲ, ಹೊಸದೂ ಇಲ್ಲ. ಗ್ಯಾರೇಜಿನವರು ‘ಇಸಿಎಂ ಡೆಡ್’ ಎನ್ನುವುದು ಇದನ್ನೇ. ಅಕ್ಕಪಕ್ಕದ ಹತ್ತು ಮೊಬೈಲುಗಳು, ವೈ-ಫೈಗಳು, ಅಡಾಪ್ಟರ್ ಎಲ್ಲವೂ 2.4 ಗಿಗಾಹರ್ಟ್ಸಿನ ಅದೇ ರೇಡಿಯೊ ಪಟ್ಟಿಯಲ್ಲಿ ತಳ್ಳಾಡುತ್ತಿರುವಾಗ ಅಷ್ಟು ದೊಡ್ಡ ಪಣ ಒಡ್ಡುವುದು ಜಾಣತನವಲ್ಲ. ವೃತ್ತಿಪರ ಸಾಧನಗಳ ಕೈಪಿಡಿಗಳೂ ಪ್ರೋಗ್ರಾಮಿಂಗಿಗೆ ಯುಎಸ್‌ಬಿಯನ್ನೇ ಸೂಚಿಸುತ್ತವೆ. ಬಾಷ್ ಕಂಪನಿಯ ಕೆಟಿಎಸ್ ಸಾಲಿನಲ್ಲಿ ಯುಎಸ್‌ಬಿಯದೂ ಬ್ಲೂಟೂತಿನದೂ ಎರಡೂ ಇವೆ. ಜರ್ಮನ್ ಕಾರುಗಳಿಗೆ ಹೆಸರಾದ ರಾಸ್-ಟೆಕ್ ಕಂಪನಿ ಒಂದು ಸಾಧನವನ್ನು ಬರೀ ಯುಎಸ್‌ಬಿಗೆ, ಇನ್ನೊಂದನ್ನು ವೈ-ಫೈ ಮತ್ತು ಯುಎಸ್‌ಬಿ ಎರಡಕ್ಕೂ ಮಾಡಿದೆ. ಬಲ್ಲವರು ಒಂದನ್ನು ಬಿಟ್ಟು ಇನ್ನೊಂದನ್ನು ಹಿಡಿದಿಲ್ಲ ಎಂಬುದಕ್ಕೆ ಇವು ಸಾಕ್ಷಿ.

ಕೇಬಲ್ ಹಿಡಿದವರಿಗೂ ಎರಡು ಎಚ್ಚರಗಳಿವೆ. ಪ್ರೋಗ್ರಾಮಿಂಗ್ ನಡೆಯುವಾಗ ಗಾಡಿಯ ಬ್ಯಾಟರಿಯ ವೋಲ್ಟೇಜ್ ಇಳಿಯಬಾರದು, ಹೊರಗಿನ ಸ್ಥಿರ ಚಾರ್ಜರ್ ಜೋಡಿಸಿರಬೇಕು. ಕರೆಂಟು ಹೇಳದೆ ಕೇಳದೆ ಹೋಗುವ ಊರಿನಲ್ಲಿ ಆ ಚಾರ್ಜರ್ ಇನ್ವರ್ಟರಿನ ಮೇಲೆ ಇರುವುದು ಕ್ಷೇಮ. ಎರಡನೆಯದು, ಲ್ಯಾಪ್‌ಟಾಪನ್ನು ಗೋಡೆಯ ಪ್ಲಗ್ಗಿಗೂ ಗಾಡಿಗೂ ಒಟ್ಟಿಗೆ ಜೋಡಿಸಿದರೆ ಎರಡು ಅರ್ತ್‌ಗಳು ಕೇಬಲ್ಲಿನ ಮೂಲಕ ಕೂಡಿಕೊಳ್ಳುತ್ತವೆ. ಅಗ್ಗದ ಕೇಬಲ್ಲುಗಳಲ್ಲಿ ಇವೆರಡನ್ನು ಬೇರ್ಪಡಿಸುವ ವ್ಯವಸ್ಥೆ ಇರುವುದಿಲ್ಲ. ಊರಿನ ವೈರಿಂಗಿನಲ್ಲಿ ಅರ್ತ್ ಸರಿಯಿಲ್ಲದಿದ್ದರೆ ಯುಎಸ್‌ಬಿ ಪೋರ್ಟ್ ಸುಡಬಹುದು. ಲ್ಯಾಪ್‌ಟಾಪ್ ತನ್ನ ತುಂಬಿದ ಬ್ಯಾಟರಿಯ ಮೇಲೇ ನಡೆಯಲಿ. ಈ ಒಂದು ವಿಷಯದಲ್ಲಿ ಬ್ಲೂಟೂತಿನದೇ ಗೆಲುವು, ಗಾಳಿಯ ಮೂಲಕ ಅರ್ತ್ ಕೂಡುವುದಿಲ್ಲ.

ಫೋರ್ಡ್ ಗಾಡಿಗಳ ಕತೆ ಸ್ವಲ್ಪ ಬೇರೆ. 2021ರ ಸೆಪ್ಟೆಂಬರಿನಲ್ಲಿ ಭಾರತದಲ್ಲಿ ಕಾರು ತಯಾರಿಕೆ ನಿಲ್ಲಿಸುವುದಾಗಿ ಫೋರ್ಡ್ ಘೋಷಿಸಿದ ಮೇಲೆ ಇಕೋಸ್ಪೋರ್ಟ್, ಫಿಗೋ ಇಟ್ಟುಕೊಂಡವರು ತಮ್ಮ ಗಾಡಿಯನ್ನು ತಾವೇ ನೋಡಿಕೊಳ್ಳುವತ್ತ ಹೊರಳಿದರು. ಫೋರ್‌ಸ್ಕ್ಯಾನ್ ಎಂಬ ತಂತ್ರಾಂಶ ಅವರ ಕೈಗೆ ಸಿಕ್ಕಿತು. ಫೋರ್ಡ್ ಗಾಡಿಗಳಲ್ಲಿ ವೇಗದ ಕ್ಯಾನ್ ಒಂದು, ಮಧ್ಯಮ ವೇಗದ್ದು ಇನ್ನೊಂದು; ಬಾಗಿಲು, ಮೀಟರ್, ಎಸಿ ತರಹದವು ಎರಡನೆಯದರಲ್ಲಿರುತ್ತವೆ. ಎರಡನ್ನೂ ಮುಟ್ಟಬಲ್ಲ ಅಡಾಪ್ಟರ್ ಇಲ್ಲದಿದ್ದರೆ ಅರ್ಧ ಗಾಡಿ ಕಾಣಿಸುವುದೇ ಇಲ್ಲ. ಇದಕ್ಕೆಂದು ಕೆಲವು ಕೇಬಲ್ಲುಗಳ ಮೇಲೆ ಕೈಯಿಂದ ಸರಿಸುವ ಸ್ವಿಚ್ ಇರುತ್ತದೆ. ಓಬಿಡಿಲಿಂಕ್ ಇಎಕ್ಸ್ ಎಂಬ ಯುಎಸ್‌ಬಿ ಅಡಾಪ್ಟರ್ ತಾನೇ ಬದಲಾಯಿಸಿಕೊಳ್ಳುತ್ತದೆ. ಸೆಟ್ಟಿಂಗ್ ಬದಲಿಸಲು ಹೊರಟವರಿಗೆ ಇಂಥ ಒಳ್ಳೆಯ ಕೇಬಲ್ಲೇ ಸರಿ.

ಮರೆತು ಬಿಟ್ಟ ಅಡಾಪ್ಟರ್

ಸಾಕೆಟ್ಟಿನ 16ನೆಯ ಪಿನ್ನಿನಲ್ಲಿ ಕರೆಂಟ್ ಸದಾ ಇರುತ್ತದೆಂದು ಮೇಲೆ ಹೇಳಿದೆ. ಮಲಗಲು ಬಾರದ ಅಗ್ಗದ ಬ್ಲೂಟೂತ್ ಅಡಾಪ್ಟರ್ ಸುಮಾರು 45 ಮಿಲಿಆಂಪಿಯರ್ ಕುಡಿಯುತ್ತದೆ ಎಂದಿಟ್ಟುಕೊಂಡರೆ ದಿನಕ್ಕೆ 1 ಆಂಪಿಯರ್-ಗಂಟೆಗಿಂತ ತುಸು ಹೆಚ್ಚು. ಸಣ್ಣ ಕಾರಿನ 35 ಆಂಪಿಯರ್-ಗಂಟೆಯ ಬ್ಯಾಟರಿಯಿಂದ ಹದಿನೈದು ದಿನಕ್ಕೆ 16 ಹೋಯಿತು. ಗಾಡಿಯ ಸ್ವಂತ ಗಡಿಯಾರ, ಅಲಾರಂ ಇತ್ಯಾದಿಗಳೂ ಕುಡಿಯುತ್ತವೆ. ಎರಡು ವರ್ಷ ದುಡಿದ ಬ್ಯಾಟರಿಯಾದರೆ ಸೆಲ್ಫ್ ಎತ್ತುವುದಿಲ್ಲ. ಬೆಳಗಿನ ಜಾವ ಹಡಗಲಿ ಮಲ್ಲಿಗೆ ತುಂಬಿಕೊಂಡು ಹೊರಡಬೇಕಾದ ಗಾಡಿ ಟಕ್ ಎಂದು ಸುಮ್ಮನಾದರೆ ಹೂವು ಕಾಯುವುದಿಲ್ಲ. ದಿನಾ ಓಡುವ ಗಾಡಿಗೆ ಈ ಭಯ ಕಡಿಮೆ. ಜಾತ್ರೆ, ಮದುವೆಗೆಂದು ಮಾತ್ರ ಹೊರತೆಗೆಯುವ ಕಾರಿನಲ್ಲಿ ಅಡಾಪ್ಟರ್ ಬಿಡಬಾರದು. ಹತ್ತು ಸಾವಿರ ರೂಪಾಯಿ ದಾಟುವ ಓಬಿಡಿಲಿಂಕ್ ಎಂಎಕ್ಸ್ ಪ್ಲಸ್ ತರಹದವು ಎಂಜಿನ್ ನಿಂತಾಗ ನಿದ್ದೆಗೆ ಜಾರಿ ಕೆಲವೇ ಮಿಲಿಆಂಪಿಯರಿಗೆ ಇಳಿಯುತ್ತವೆ. ಕೊಟ್ಟ ಹೆಚ್ಚಿನ ದುಡ್ಡಿನ ಒಂದು ಪಾಲು ಆ ನಿದ್ದೆಗೇ ಸೇರಿದ್ದು. ಕೇಬಲ್ಲಿನ ಅಡಾಪ್ಟರ್ ಬಿಚ್ಚದೆ ಬಿಟ್ಟು ಹೋಗುವವರು ಅಪರೂಪ, ಲ್ಯಾಪ್‌ಟಾಪ್ ಎತ್ತಿಕೊಂಡಾಗ ಅದೂ ಬರುತ್ತದೆ.

ಬಿಟ್ಟುಹೋದ ಅಡಾಪ್ಟರಿನ ಇನ್ನೊಂದು ತೊಂದರೆ ಹೊರಗಿನವರದು. 2015ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸ್ಯಾನ್ ಡಿಯಾಗೊ ಶಾಖೆಯ ಸಂಶೋಧಕರು ಸಿಮ್ ಇರುವ ಒಂದು ಅಡಾಪ್ಟರಿಗೆ ಎಸ್‌ಎಂಎಸ್ ಕಳಿಸಿ ಕಾರ್ವೆಟ್ ಕಾರಿನ ಬ್ರೇಕನ್ನು ತಮ್ಮ ಹತೋಟಿಗೆ ತಂದು ತೋರಿಸಿದರು. 2017ರಲ್ಲಿ ಇಸ್ರೇಲಿನ ಆರ್ಗಸ್ ಸಂಸ್ಥೆ ಬಾಷ್‌ನ ಡ್ರೈವ್‌ಲಾಗ್ ಅಡಾಪ್ಟರಿನ ಬ್ಲೂಟೂತಿನಲ್ಲಿದ್ದ ದೋಷದ ಮೂಲಕ ಓಡುವ ಕಾರಿನ ಎಂಜಿನ್ ಆರಿಸಬಹುದೆಂದು ಕಂಡುಹಿಡಿಯಿತು. ಅಮೆರಿಕದಲ್ಲಿ ಮಾರಾಟದಲ್ಲಿದ್ದ 77 ವೈರ್‌ಲೆಸ್ ಅಡಾಪ್ಟರುಗಳನ್ನು ಪರೀಕ್ಷಿಸಿ 2020ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ದೋಷವಿಲ್ಲದ ಒಂದೂ ಇರಲಿಲ್ಲ. ಹರಪನಹಳ್ಳಿಯ ಬಸ್ ಸ್ಟ್ಯಾಂಡಿನಲ್ಲಿ ನಿಂತ ಕಾರಿಗೆ ಯಾರೋ ಕನ್ನ ಹಾಕಲು ಹೊಂಚುತ್ತಿದ್ದಾರೆಂದು ಗಾಬರಿಯಾಗಬೇಕಿಲ್ಲ. ಆದರೂ ಪಾಸ್‌ವರ್ಡೇ ಇಲ್ಲದ ವೈ-ಫೈ ಅಡಾಪ್ಟರನ್ನು ರಾತ್ರಿಯಿಡೀ ಗಾಡಿಯಲ್ಲಿ ಬಿಡುವುದರಿಂದ ಸಿಗುವ ಉಪಯೋಗವೂ ಏನಿಲ್ಲ. ಭಾರತದಲ್ಲಿ 2022ರ ಜುಲೈನಲ್ಲಿ ವಿಮಾ ನಿಯಂತ್ರಣ ಪ್ರಾಧಿಕಾರ ಓಡಿಸಿದಷ್ಟಕ್ಕೆ, ಓಡಿಸಿದ ರೀತಿಗೆ ತಕ್ಕಂತೆ ಪ್ರೀಮಿಯಂ ಕಟ್ಟುವ ಪಾಲಿಸಿಗಳಿಗೆ ಅನುಮತಿ ಕೊಟ್ಟ ಮೇಲೆ, ಅಡಾಪ್ಟರನ್ನು ಸದಾ ಗಾಡಿಯಲ್ಲೇ ಇಡುವ ಸಂದರ್ಭಗಳೂ ಬರಬಹುದು.

ಕಾರು ಕಂಪನಿಗಳು ಇದಕ್ಕೆ ತಮ್ಮದೇ ಬೇಲಿ ಹಾಕತೊಡಗಿವೆ. 2018ರ ಸುಮಾರಿನಿಂದ ಜೀಪ್, ಫಿಯಟ್ ಕಂಪನಿಗಳ ಗಾಡಿಗಳಲ್ಲಿ ಸಾಕೆಟ್ಟಿಗೂ ಒಳಗಿನ ಜಾಲಕ್ಕೂ ನಡುವೆ ಒಂದು ಕಾವಲು ಕಂಪ್ಯೂಟರ್ ಬಂತು. ಓದಲು ಬಿಡುತ್ತದೆ, ಬರೆಯಲು ಕಂಪನಿಯ ಅನುಮತಿ ಕೇಳುತ್ತದೆ. ಬೇರೆ ಕಂಪನಿಗಳೂ ಇದೇ ಹಾದಿ ಹಿಡಿದಿವೆ. ಅಂಥ ಗಾಡಿಯಲ್ಲಿ ಕೇಬಲ್ಲಿದ್ದರೂ ಅಷ್ಟೇ, ಇಲ್ಲದಿದ್ದರೂ ಅಷ್ಟೇ.

ಕಾರಲ್ಲದ ಗಾಡಿಗಳು

ಸಂಡೂರಿನ ಅದಿರು ಸಾಗಿಸುವ ಲಾರಿಗಳು, ದೊಡ್ಡ ಬಸ್ಸುಗಳು ಸಾಮಾನ್ಯವಾಗಿ 24 ವೋಲ್ಟಿನವು, ಅವುಗಳ ಕಂಪ್ಯೂಟರುಗಳು ಜೆ1939 ಎಂಬ ಬೇರೆ ಪದ್ಧತಿಯಲ್ಲಿ ಮಾತಾಡುತ್ತವೆ. ಸಾಕೆಟ್ ಕೂಡುತ್ತದೆಂದು ಕಾರಿನ ಅಗ್ಗದ ಅಡಾಪ್ಟರನ್ನು ಲಾರಿಗೆ ಸಿಕ್ಕಿಸಿದರೆ ಅದು ಸುಟ್ಟುಹೋದೀತು. ಟ್ರಾಕ್ಟರುಗಳಲ್ಲಿ 50 ಎಚ್‌ಪಿ ಮೀರಿದವುಗಳಿಗೆ 2023ರ ಜನವರಿಯಿಂದ ಹೊಸ ಹೊಗೆ ನಿಯಮ ಬಂದು ಕಾಮನ್ ರೇಲ್ ಎಂಜಿನ್ನುಗಳು ಹೆಚ್ಚಿದವು. ಅದಕ್ಕಿಂತ ಸಣ್ಣ ಟ್ರಾಕ್ಟರುಗಳಲ್ಲಿ ಬಹುಪಾಲು ಇನ್ನೂ ಹಳೆಯ ಪಂಪಿನವೇ, ಸ್ಕ್ಯಾನರ್ ಹಚ್ಚಲು ಜಾಗವೇ ಇಲ್ಲ. ವಿದ್ಯುತ್ ಕಾರುಗಳಲ್ಲಿ ಸಾಕೆಟ್ ಇದ್ದರೂ ಹೊಗೆಯ ಕೋಡುಗಳು ಇರುವುದಿಲ್ಲ; ಬ್ಯಾಟರಿಯ ಸ್ಥಿತಿ ನೋಡಬೇಕಾದರೆ ಆ ಮಾದರಿ ಗೊತ್ತಿರುವ ಆ್ಯಪ್ ಬೇಕು.

ಬೈಕು, ಸ್ಕೂಟರುಗಳಿಗೆ ಓಬಿಡಿ 2020ರಲ್ಲಿ ಬಿಎಸ್-6ರ ಜೊತೆ ಬಂತು, 2023 ಮತ್ತು 2025ರ ಏಪ್ರಿಲ್‌ಗಳಲ್ಲಿ ಮುಂದಿನ ಹಂತಗಳು. ಅವುಗಳಲ್ಲಿ 16 ಪಿನ್ನಿನ ಅಗಲ ಸಾಕೆಟ್ಟಿಗೆ ಜಾಗವಿಲ್ಲ. ಸೀಟಿನ ಕೆಳಗೆ, ಬ್ಯಾಟರಿಯ ಪಕ್ಕದಲ್ಲಿ 6 ಪಿನ್ನಿನ ಪುಟ್ಟ ಕನೆಕ್ಟರ್ ಇರುತ್ತದೆ, ಹಲವು ಮಾದರಿಗಳಲ್ಲಿ ಕೆಂಪು ಬಣ್ಣದ್ದು. ಕಾರಿಗೆಂದು ಕೊಂಡ ಬ್ಲೂಟೂತ್ ಅಡಾಪ್ಟರನ್ನೇ ಬೈಕಿಗೂ ಬಳಸಬಹುದು, ಆದರೆ 6 ಪಿನ್ನಿನಿಂದ 16ಕ್ಕೆ ಹೊಂದಿಸುವ ಗೇಣುದ್ದದ ಕೇಬಲ್ ಒಂದನ್ನು ಬೇರೆಯಾಗಿ ಕೊಳ್ಳಬೇಕು.